ಗೆರೆ ಎಳೆದವರ ಹೆಸರೂ ಗೋಡೆಯ ಮೇಲೆ

ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ರಾಷ್ಟ್ರೀಯ ಸಾಫ್ಟ್‌ಬಾಲ್ ಹಾಲ್ ಆಫ್ ಫೇಮ್ ಇದೆ. ಅಲ್ಲಿ ಹೆಸರು ಸೇರಬೇಕಾದರೆ ಬ್ಯಾಟು ಹಿಡಿದು ಮೆರೆದಿರಲೇಬೇಕು ಎಂದೇನಿಲ್ಲ. ಆಟಗಾರರದ್ದು ಒಂದು ವಿಭಾಗವಷ್ಟೆ. ಅಂಪೈರ್‌ಗಳಿಗೊಂದು, ಮ್ಯಾನೇಜರ್‌ಗಳಿಗೊಂದು, ತಂಡಗಳನ್ನು ಸಾಕಿದ ಪ್ರಾಯೋಜಕರಿಗೊಂದು, ತಮ್ಮ ತಮ್ಮ ಸೀಮೆಯಲ್ಲಿ ಆಟದ ಆಡಳಿತ ಹೊತ್ತ ಕಮಿಷನರ್‌ಗಳಿಗೊಂದು ವಿಭಾಗವಿದೆ. ಇದಾವುದರ ಲೆಕ್ಕಕ್ಕೂ ಸಿಗದೆ ದುಡಿದವರಿಗಾಗಿ ಶ್ಲಾಘನೀಯ ಸೇವೆಯ ಹೆಸರಿನಲ್ಲಿ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದ್ದಾರೆ. ಚೆಂಡನ್ನು ಗಾಳಿ ಸೀಳುವಂತೆ ಎಸೆದ ಪಿಚರ್‌ಗೆ ಎಲ್ಲಿ ಜಾಗವೋ, ಪಂದ್ಯಗಳ ವೇಳಾಪಟ್ಟಿ ಬರೆದೂ ಬರೆದೂ ಕೂದಲು ನರೆಸಿಕೊಂಡವರಿಗೂ ಅಲ್ಲೇ ಜಾಗ.

1957ರಲ್ಲಿ ಈ ಗೌರವ ಶುರುವಾದಾಗ ಮೊದಲ ಸಾಲಿನಲ್ಲಿ ಬಂದವರು ಆಟಗಾರರೇ. 1973ರಲ್ಲಿ ಅದಕ್ಕೆ ಸ್ವಂತ ಕಟ್ಟಡವಾಯಿತು. ಬಗಲಲ್ಲೇ 1987ರಲ್ಲಿ ಎದ್ದ ಕ್ರೀಡಾಂಗಣಕ್ಕೂ ಹಾಲ್ ಆಫ್ ಫೇಮ್‌ನದೇ ಹೆಸರಿಟ್ಟರು. ಇಂದು ಅದು ಸುಮಾರು 13 ಸಾವಿರ ಜನ ಕೂರುವ ಕ್ರೀಡಾಂಗಣ. ಅಮೆರಿಕದ ಕಾಲೇಜು ಹುಡುಗಿಯರ ವಿಶ್ವ ಸರಣಿ 1990ರಿಂದ, ಒಂದು ವರ್ಷದ ಹೊರತು, ಅಲ್ಲಿಯೇ ನಡೆದುಕೊಂಡು ಬಂದಿದೆ.

ಆಡದವರನ್ನೂ ಹೀಗೆ ಆಟಗಾರರ ಪಕ್ಕದಲ್ಲಿ ಕೂರಿಸುವುದು ಈ ಆಟದ ಹುಟ್ಟಿಗೇ ಒಪ್ಪುವ ನಡೆ. 1887ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಶಿಕಾಗೊದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಒಂದಷ್ಟು ಯುವಕರು ಯೇಲ್–ಹಾರ್ವರ್ಡ್ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾದು ಕೂತಿದ್ದರು. ಯೇಲ್ ಗೆದ್ದ ಸುದ್ದಿ ಬಂತು. ಗೆದ್ದ ಕಡೆಯವನೊಬ್ಬ ಖುಷಿಯಲ್ಲಿ ಬಾಕ್ಸಿಂಗ್ ಗ್ಲೌಸನ್ನು ಎದುರು ಕಡೆಯವನತ್ತ ಎಸೆದ, ಆತ ಅದನ್ನು ಕೋಲಿನಿಂದ ಬಾರಿಸಿದ. ನೋಡುತ್ತಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರ ಆ ಗ್ಲೌಸನ್ನು ಅದರದೇ ದಾರದಿಂದ ಬಿಗಿದು ಚೆಂಡು ಮಾಡಿದರು. ಚಾಕ್‌ಪೀಸು ತೆಗೆದುಕೊಂಡು ವ್ಯಾಯಾಮಶಾಲೆಯ ನೆಲದ ಮೇಲೆ ಅಂಕಣ ಬರೆದರು. ಒಳಾಂಗಣದ ಆ ಮೊದಲ ಆಟ 41–40ರಲ್ಲಿ ಮುಗಿಯಿತು ಎನ್ನುತ್ತಾರೆ. ಮರುದಿನವೇ ಮರೆತುಹೋಗಬಹುದಾಗಿದ್ದ ತಮಾಷೆ ಅದು. ಹ್ಯಾನ್‌ಕಾಕ್ ಬಿಡಲಿಲ್ಲ, ದೊಡ್ಡ ಚೆಂಡೊಂದನ್ನು, ಚಿಕ್ಕ ಬ್ಯಾಟೊಂದನ್ನು ಮಾಡಿಸಿ ತಂದು ನಿಯಮಗಳನ್ನು ಬರೆದಿಟ್ಟರು. ಗ್ಲೌಸು ಎಸೆದವನಾಗಲಿ ಬಾರಿಸಿದವನಾಗಲಿ ಇತಿಹಾಸದಲ್ಲಿ ಉಳಿಯಲಿಲ್ಲ. ಉಳಿದದ್ದು ನೆಲದ ಮೇಲೆ ಗೆರೆ ಎಳೆದು ನಿಯಮ ಬರೆದವರ ಹೆಸರು.

ಅದಾದ ಮೇಲೆ ಆಟ ಊರೂರಿಗೆ ಹಬ್ಬಿದ್ದು ಇಂಥವರಿಂದಲೇ. ಮಿನಿಯಾಪೊಲಿಸ್‌ನಲ್ಲಿ 1895ರಲ್ಲಿ ಲೂಯಿಸ್ ರೋಬರ್ ಎಂಬ ಅಗ್ನಿಶಾಮಕ ದಳದ ಅಧಿಕಾರಿ ಠಾಣೆಯ ಪಕ್ಕದ ಖಾಲಿ ಜಾಗದಲ್ಲಿ ಅಂಕಣ ಗುರುತು ಮಾಡಿದರು. ಕರೆ ಬರುವವರೆಗೆ ಸುಮ್ಮನೆ ಕೂರುವ ತಮ್ಮ ಹುಡುಗರ ಮೈ ಚುರುಕಾಗಿರಲಿ ಎಂಬುದು ಅವರ ಉದ್ದೇಶ. ಡೆನ್ವರ್‌ನ ವೈಎಂಸಿಎಯಲ್ಲಿದ್ದ ವಾಲ್ಟರ್ ಹಕಾನ್ಸನ್ 1926ರಲ್ಲಿ ಸಾಫ್ಟ್‌ಬಾಲ್ ಎಂಬ ಹೆಸರು ಸೂಚಿಸಿದರು. ಅಷ್ಟು ಹೊತ್ತಿಗೆ ಒಂದೂರಿನ ಚೆಂಡು ಇನ್ನೊಂದೂರಿನಲ್ಲಿ ನಡೆಯುತ್ತಿರಲಿಲ್ಲ. ಬೇಸ್‌ಗಳ ಅಂತರ ಬೇರೆ, ಆಟಗಾರರ ಸಂಖ್ಯೆ ಬೇರೆ, ಹೆಸರೂ ಬೇರೆ. ಎರಡು ಊರಿನ ತಂಡಗಳು ಎದುರಾದರೆ ಅರ್ಧ ದಿನ ವಾದದಲ್ಲೇ ಕಳೆಯಬೇಕು.

ಇದನ್ನು ಒಂದು ಹದಕ್ಕೆ ತಂದವರು ಇಬ್ಬರು, ಇಬ್ಬರೂ ಆಟಕ್ಕೆ ಹೊರಗಿನವರೇ. ಲಿಯೊ ಫಿಷರ್ ಶಿಕಾಗೊ ಪತ್ರಿಕೆಯೊಂದರ ಕ್ರೀಡಾ ಬರಹಗಾರ, ಮೈಕೆಲ್ ಪಾಲಿ ಕ್ರೀಡಾ ಸಾಮಗ್ರಿ ಮಾರುವವರು. 1933ರಲ್ಲಿ ಶಿಕಾಗೊದಲ್ಲಿ ವಿಶ್ವ ಮೇಳ ನಡೆದಾಗ ಅಲ್ಲಿಯೇ ಒಂದು ರಾಷ್ಟ್ರೀಯ ಪಂದ್ಯಾವಳಿ ಮಾಡೋಣ ಎಂದು ಇಬ್ಬರೂ ಹೊರಟರು. ಊರೂರು ಸುತ್ತಿ 55 ತಂಡಗಳನ್ನು ಕೂಡಿಸಿದರು. ಗಂಡಸರ ಜೊತೆಗೆ ಹೆಂಗಸರಿಗೂ ಮೊದಲ ವರ್ಷವೇ ವಿಭಾಗ ಇಟ್ಟರು. ಕೆಲಸ ಕಳೆದುಕೊಂಡು ಜನ ಬೀದಿಯಲ್ಲಿದ್ದ ಆರ್ಥಿಕ ಕುಸಿತದ ದಿನಗಳವು. ಕಡಿಮೆ ಖರ್ಚಿನ, ಚಿಕ್ಕ ಜಾಗದ ಈ ಆಟಕ್ಕೆ ಜನ ಮುಗಿಬಿದ್ದರು. ಅದೇ ವರ್ಷ ಹುಟ್ಟಿದ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್‌ಗೆ ಫಿಷರ್ ಅಧ್ಯಕ್ಷರಾದರು. ಮರುವರ್ಷ ನಿಯಮಗಳಿಗೆ ಜಂಟಿ ಸಮಿತಿ ಬಂತು. ಇಂದು ಯುಎಸ್‌ಎ ಸಾಫ್ಟ್‌ಬಾಲ್ ಎನ್ನುವುದು ಅದೇ ಸಂಸ್ಥೆಯನ್ನು.

ಆ ಸಂಸ್ಥೆ ಕಟ್ಟಿದ ವ್ಯವಸ್ಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕಮಿಷನರ್ ಎಂಬ ಹುದ್ದೆ. ಕೇಳಲು ದೊಡ್ಡ ಅಧಿಕಾರಿಯ ಹೆಸರಿನಂತಿದೆ. ನಿಜದಲ್ಲಿ ಅದು ಒಂದು ರಾಜ್ಯದ ಅಥವಾ ದೊಡ್ಡ ನಗರದ ಆಟದ ಹೊಣೆಯನ್ನೆಲ್ಲ ಹೆಗಲಿಗೆ ಹಾಕಿಕೊಳ್ಳುವ ಕೆಲಸ. ತಂಡಗಳ ನೋಂದಣಿ, ಮೈದಾನದ ಅನುಮತಿ, ಅಂಪೈರ್‌ಗಳ ತರಬೇತಿ, ವಿಮೆ, ವಯಸ್ಸಿನ ದಾಖಲೆಗಳ ಪರಿಶೀಲನೆ, ಸೋತವರ ದೂರು, ಗೆದ್ದವರ ಮುಂದಿನ ಪ್ರಯಾಣ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಹಗಲು ಬೇರೆ ನೌಕರಿ ಮಾಡಿ, ಸಂಜೆ ಮತ್ತು ವಾರದ ಕೊನೆಯನ್ನು ಆಟಕ್ಕೆ ಕೊಟ್ಟು ಇದನ್ನು ದಶಕಗಟ್ಟಲೆ ನಡೆಸಿದವರಿದ್ದಾರೆ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಹಿರಿಯರನ್ನು ನೆನೆಸಿಕೊಳ್ಳಿ. ಫೋಟೊಗಳಲ್ಲಿ ಅವರು ಇರುವುದಿಲ್ಲ, ಆದರೆ ಅವರು ಒಂದು ಗಳಿಗೆ ಎದ್ದು ಹೋದರೆ ಪಂಕ್ತಿ ನಿಲ್ಲುತ್ತದೆ.

ಪಂದ್ಯದ ದಿನ ನಡೆಯುವ ಕೆಲಸವನ್ನು ಒಮ್ಮೆ ಬಿಡಿಸಿ ನೋಡಬೇಕು. ಸಾಫ್ಟ್‌ಬಾಲ್‌ನ ಒಳ ಅಂಕಣ ಹುಲ್ಲಿಲ್ಲದ ಮಣ್ಣಿನದು. ಬೆಳಿಗ್ಗೆ ಅದನ್ನು ಎಳೆದು ಸಮ ಮಾಡಬೇಕು, ನೀರು ಚಿಮುಕಿಸಿ ಧೂಳು ಕೂರಿಸಬೇಕು. ಬೇಸ್‌ನಿಂದ ಬೇಸ್‌ಗೆ 60 ಅಡಿ, ಅಂದರೆ 18 ಮೀಟರ್ ಚಿಲ್ಲರೆ. ಹೆಂಗಸರ ಆಟದಲ್ಲಿ ಪಿಚರ್ ನಿಲ್ಲುವ ಪಟ್ಟಿ ಹೋಮ್ ಪ್ಲೇಟಿನಿಂದ 43 ಅಡಿ ದೂರ, ಗಂಡಸರದ್ದಾದರೆ 46 ಅಡಿ. ಟೇಪು ಹಿಡಿದು ಅಳೆದು ಬಿಳಿ ಗೆರೆ ಎಳೆಯಬೇಕು. ತಂಡಗಳು ಬರುವ ಮುಂಚೆಯೇ ಇದೆಲ್ಲ ಮುಗಿದಿರಬೇಕು. ಒಂದು ದಿನದಲ್ಲಿ ಒಂದೇ ಅಂಕಣದಲ್ಲಿ ಹಲವು ಪಂದ್ಯಗಳು ನಡೆಯುತ್ತವೆ, ಪ್ರತಿ ಪಂದ್ಯದ ನಡುವೆಯೂ ಇದೇ ಕೆಲಸ ಮತ್ತೆ. ನಡುವೆ ಮಳೆ ಬಂದರೆ ಇಡೀ ವೇಳಾಪಟ್ಟಿಯನ್ನೇ ಮೊದಲಿಂದ ಬರೆಯಬೇಕು. ದೂರದೂರಿನಿಂದ ಬಂದ ತಂಡ ರಾತ್ರಿಯ ಬಸ್ಸು ಹಿಡಿಯುವಷ್ಟರಲ್ಲಿ ಅವರ ಪಂದ್ಯ ಮುಗಿದಿರಬೇಕು ಎಂಬುದೂ ಆ ಲೆಕ್ಕದಲ್ಲಿ ಬರಬೇಕು.

ಸ್ಕೋರರ್‌ಗಳದ್ದು ಇನ್ನೊಂದು ತಪಸ್ಸು. ಏಳು ಇನಿಂಗ್ಸ್‌ನ ಆಟದಲ್ಲಿ ಪ್ರತಿ ಎಸೆತಕ್ಕೂ ಒಂದು ಗುರುತು. ಹೊಡೆತವೋ ಫೀಲ್ಡರ್‌ನ ತಪ್ಪೋ ಎಂದು ತೀರ್ಮಾನಿಸಿ ಬರೆಯುವವರು ಅವರೇ. ಆ ಒಂದು ಗುರುತಿನ ಮೇಲೆ ಆಟಗಾರ್ತಿಯ ಸರಾಸರಿ ನಿಲ್ಲುತ್ತದೆ, ಸರಾಸರಿಯ ಮೇಲೆ ಆಯ್ಕೆ ನಿಲ್ಲುತ್ತದೆ. ಕಣ್ಣು ಮಿಟುಕಿಸದೆ ಕೂತು ಬರೆದ ಈ ಪುಸ್ತಕಗಳೇ ಇಲ್ಲದಿದ್ದರೆ ನಾಳೆ ದೊಡ್ಡ ಆಟಗಾರ್ತಿ ಯಾರಾಗಿದ್ದರು ಎಂದು ಹೇಳುವುದಕ್ಕೆ ಆಧಾರವೇ ಇರುವುದಿಲ್ಲ. ಹಾಲ್ ಆಫ್ ಫೇಮ್ ಅನ್ನು ಬಹುಕಾಲ ನೋಡಿಕೊಂಡ ಬಿಲ್ ಪ್ಲಮರ್ ಅವರ ಕೆಲಸವೂ ಇದೇ ಜಾತಿಯದು. ಅಂಕಿ ಅಂಶ, ಹಳೆಯ ಫೋಟೊ, ಪತ್ರಿಕಾ ವರದಿಗಳನ್ನು ಜೋಪಾನ ಮಾಡಿ, ಮಹಿಳಾ ಕಾಲೇಜು ವಿಶ್ವ ಸರಣಿಯ ಚರಿತ್ರೆಯ ಸಹಲೇಖಕರೂ ಆದವರು ಅವರು.

ಆಡಳಿತಗಾರರ ಸಾಲಿನಲ್ಲಿ ಡಾನ್ ಪೋರ್ಟರ್ ಅವರ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು. ಅವರು ಸಂಬಳ ಪಡೆದೇ ದುಡಿದವರು, ಹಾಗಾಗಿ ಸ್ವಯಂಸೇವಕರ ಪಟ್ಟಿಗೆ ಬರುವುದಿಲ್ಲ. ಆದರೆ ಒಂದೇ ಆಟಕ್ಕೆ ಐವತ್ತು ವರ್ಷದ ಹತ್ತಿರ ಕೊಟ್ಟವರು ಎಲ್ಲಿಯೂ ವಿರಳ. 1960ರ ದಶಕದ ಆರಂಭದಿಂದ ಮೂರು ದಶಕಕ್ಕೂ ಮಿಕ್ಕಿ ಅಮೆರಿಕದ ಸಂಸ್ಥೆಯನ್ನು ನಡೆಸಿದರು. ಜೊತೆಗೆ ಅಂತರರಾಷ್ಟ್ರೀಯ ಫೆಡರೇಷನ್ನಿನ ಕಾರ್ಯದರ್ಶಿಯಾಗಿ, 1987ರಿಂದ ಅಧ್ಯಕ್ಷರಾಗಿ ದುಡಿದರು. ಒಲಿಂಪಿಕ್ಸ್‌ಗೆ ಈ ಆಟವನ್ನು ಸೇರಿಸಬೇಕೆಂದು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು. 1991ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿತು. 1996ರ ಅಟ್ಲಾಂಟಾ ಕೂಟದಲ್ಲಿ ಹೆಂಗಸರ ಸಾಫ್ಟ್‌ಬಾಲ್ ನಡೆದು ಅಮೆರಿಕ ಚಿನ್ನ ಗೆದ್ದಿತು.

ಕಟ್ಟಿದ್ದು ಕೈಜಾರಿದ್ದನ್ನೂ ಅವರೇ ನೋಡಬೇಕಾಯಿತು. 2005ರ ಜುಲೈನಲ್ಲಿ ಸಿಂಗಪುರದಲ್ಲಿ ಸೇರಿದ ಒಲಿಂಪಿಕ್ ಸಮಿತಿ ಪ್ರತಿ ಆಟಕ್ಕೂ ಮತ ಹಾಕಿತು. ಸಾಫ್ಟ್‌ಬಾಲ್‌ಗೆ ಪರವಾಗಿ 52, ವಿರುದ್ಧವಾಗಿ 52, ಒಬ್ಬರು ತಟಸ್ಥರು. ಬಹುಮತ ಬೇಕಿತ್ತು, ಒಂದು ಮತದಿಂದ ಆಟ ಹೊರಬಿತ್ತು. ಪೋರ್ಟರ್ ಮತ್ತು ಅವರ ಸಂಗಡಿಗರು ಕೈಕಟ್ಟಿ ಕೂರಲಿಲ್ಲ. ಮತ್ತೆ ಅಭಿಯಾನ ಶುರು ಮಾಡಿದರು. ಬೇಸ್‌ಬಾಲ್ ಫೆಡರೇಷನ್ ಜೊತೆ ಸೇರಿ ಒಂದೇ ಸಂಸ್ಥೆಯಾಗಲೂ ಒಪ್ಪಿದರು. ತಾನು ಬೆಳೆಸಿದ ಸಂಸ್ಥೆಯ ಪ್ರತ್ಯೇಕ ಅಸ್ತಿತ್ವವನ್ನೇ ಆಟದ ಒಳಿತಿಗಾಗಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಆಡಳಿತಗಾರನ ದೊಡ್ಡತನವನ್ನು ನಾನು ಅಳೆಯುವುದು ಅಲ್ಲಿ, ಕುರ್ಚಿಯಲ್ಲಿ ಕೂತ ವರ್ಷಗಳಲ್ಲಲ್ಲ. ಟೋಕಿಯೊ ಕೂಟಕ್ಕೆ ಆಟ ಮರಳಿತು, 2021ರಲ್ಲಿ ಜಪಾನ್ ಚಿನ್ನ ಗೆದ್ದಿತು. 2028ರ ಲಾಸ್ ಏಂಜಲಿಸ್ ಕೂಟದ ಸಾಫ್ಟ್‌ಬಾಲ್ ಪಂದ್ಯಗಳು ಆ ನಗರದಿಂದ ಎರಡು ಸಾವಿರ ಕಿಲೋಮೀಟರ್ ದೂರದ ಒಕ್ಲಹೋಮಾ ಸಿಟಿಯಲ್ಲಿ, ಹಾಲ್ ಆಫ್ ಫೇಮ್ ಮಗ್ಗುಲಿನ ಅದೇ ಕ್ರೀಡಾಂಗಣದಲ್ಲಿ ನಡೆಯಲಿವೆ.

ಗೌರವ ಸಲ್ಲಿಸುವ ಇನ್ನೊಂದು ದಾರಿ ಆಸ್ಟ್ರೇಲಿಯಾದಲ್ಲಿದೆ. ನನ್ನ ಮಟ್ಟಿಗೆ ಅದು ಹಾಲ್ ಆಫ್ ಫೇಮ್‌ಗಿಂತ ಒಂದು ಹೆಜ್ಜೆ ಮುಂದಿನದು. 1939ರಲ್ಲಿ ಗಾರ್ಡನ್ ಯಂಗ್ ಎಂಬ ಕೆನಡಾದವರು ನ್ಯೂ ಸೌತ್ ವೇಲ್ಸ್‌ನ ಶಾಲೆಗಳಿಗೆ ಈ ಆಟ ತಂದರು. ಯುದ್ಧದ ದಿನಗಳಲ್ಲಿ ಅಮೆರಿಕದ ಸೈನಿಕರೂ ನರ್ಸ್‌ಗಳೂ ಅದನ್ನು ಮೆಲ್ಬರ್ನಿನಲ್ಲಿ ಆಡಿದರು. ಕ್ವೀನ್ಸ್‌ಲ್ಯಾಂಡ್‌ಗೆ ಅದನ್ನು ಕೊಂಡೊಯ್ದವರು ಮ್ಯಾಕ್ ಗಿಲ್ಲಿ. ಆ ದೇಶದ ಹೆಂಗಸರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಹೆಸರೇ ಗಿಲ್ಲೀಸ್ ಶೀಲ್ಡ್. ಹದಿಹರೆಯದ ಹುಡುಗಿಯರ ಪಂದ್ಯಾವಳಿಗೆ ಎಸ್ತರ್ ಡೀಸನ್ ಅವರ ಹೆಸರು. ಆಸ್ಟ್ರೇಲಿಯಾದ ಸಾಫ್ಟ್‌ಬಾಲ್ ಆಡಳಿತದಲ್ಲಿ ದೀರ್ಘಕಾಲ ದುಡಿದ ಮಹಿಳೆ ಅವರು. ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ 1965ರಲ್ಲಿ ಮೆಲ್ಬರ್ನಿನಲ್ಲಿ ನಡೆದದ್ದು ಅಂಥ ಮಹಿಳೆಯರ ದುಡಿಮೆಯಿಂದ. ಐದೇ ದೇಶಗಳು ಬಂದಿದ್ದ ಆ ಕೂಟದ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಅಮೆರಿಕವನ್ನು 1–0ಯಿಂದ ಸೋಲಿಸಿತು.

ಹೀಗೆ ಪಂದ್ಯಾವಳಿಗೆ ಹೆಸರಿಟ್ಟಾಗ ಆ ವ್ಯಕ್ತಿ ಆಡುವ ಮಕ್ಕಳ ಬಾಯಲ್ಲಿ ಉಳಿಯುತ್ತಾರೆ. ಈ ಸಲ ಡೀಸನ್ ತಂಡಕ್ಕೆ ಆಯ್ಕೆಯಾಗಬೇಕು ಎಂದು ಹದಿನೈದರ ಹುಡುಗಿ ಹಟ ತೊಡುವಾಗ, ತನಗಾಗಿ ಅಂಕಣ ಸಿದ್ಧಪಡಿಸಿದವರನ್ನು ಅರಿಯದೆಯೇ ಕರೆಯುತ್ತಿರುತ್ತಾಳೆ. ಮುಂದೊಂದು ದಿನ ಆ ಹೆಸರು ಯಾರದು ಎಂದು ಕೇಳಿಯೂ ಕೇಳುತ್ತಾಳೆ.

ಭಾರತದಲ್ಲಿ ಈ ಆಟಕ್ಕೆ ಸಂಘಟನೆ ಬಂದದ್ದು 1961ರಲ್ಲಿ, ರಾಜಸ್ಥಾನದ ಜೋಧಪುರದಲ್ಲಿ, ದಶರಥಮಲ್ ಮೆಹ್ತಾ ಅವರ ಪ್ರಯತ್ನದಿಂದ. ಇಂದು ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲೂ ಅಂತರ ವಿಶ್ವವಿದ್ಯಾಲಯ ಕೂಟದಲ್ಲೂ ಸಾಫ್ಟ್‌ಬಾಲ್ ಇದೆ, ಕರ್ನಾಟಕದ ವಿಶ್ವವಿದ್ಯಾಲಯಗಳೂ ತಂಡ ಕಳಿಸುತ್ತವೆ. ಟಿ.ವಿ.ಯಲ್ಲಿ ಬಾರದ, ಹಣ ಹುಟ್ಟದ ಆಟ ನಮ್ಮಲ್ಲಿ ಉಸಿರಾಡುವುದು ಬಹುಮಟ್ಟಿಗೆ ದೈಹಿಕ ಶಿಕ್ಷಣ ಶಿಕ್ಷಕರಿಂದ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಕಲಿಸುವ ಮೇಷ್ಟ್ರೇ ಇದನ್ನೂ ಕಲಿಸಬೇಕು. ಗ್ಲೌಸು, ಹೆಲ್ಮೆಟ್ಟು, ಬ್ಯಾಟುಗಳಿಗೆ ದಾನಿಗಳ ಮನೆ ಬಾಗಿಲು ತಟ್ಟಬೇಕು, ಹುಡುಗಿಯರನ್ನು ಹೊರ ಊರಿಗೆ ಕಳಿಸಿ ಎಂದು ತಂದೆತಾಯಂದಿರನ್ನು ಒಪ್ಪಿಸಬೇಕು. ರೈಲಿನಲ್ಲಿ ಇಡೀ ತಂಡವನ್ನು ಕಾಯುತ್ತಾ ನಿದ್ದೆಗೆಟ್ಟು ಕೂರಬೇಕು. ಮನೆಮಂದಿಗೆ ಸಲ್ಲಬೇಕಾದ ಭಾನುವಾರಗಳೆಲ್ಲ ಮೈದಾನದ ಪಾಲಾಗುತ್ತವೆ.

ಇಂಥವರಿಗೆ ನಾವು ನಿವೃತ್ತಿಯ ದಿನ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಫಲತಾಂಬೂಲ ಕೊಟ್ಟು ಕೈಮುಗಿಯುತ್ತೇವೆ. ಪ್ರೀತಿಯಿಂದ ಮಾಡಿದ ಸನ್ಮಾನಕ್ಕೆ ಅದರದೇ ಬೆಲೆ ಇದೆ. ಆದರೆ ಆ ಸಂಜೆ ಮುಗಿದ ಮೇಲೆ ಅವರ ಮೂವತ್ತು ವರ್ಷದ ಕೆಲಸ ಎಲ್ಲಿಯೂ ಬರಹಕ್ಕೆ ಇಳಿಯುವುದಿಲ್ಲ. ಯಾವ ವರ್ಷ ಯಾವ ತಂಡ ಕಟ್ಟಿದರು, ಯಾವ ಮಕ್ಕಳು ರಾಜ್ಯಕ್ಕೆ ಆಡಿದರು, ಮೊದಲ ಅಂಕಣ ಎಲ್ಲಿ ಮಾಡಿದರು ಎಂಬುದನ್ನು ಹೇಳಬಲ್ಲವರು ಅವರೊಬ್ಬರೇ. ಅವರ ನೆನಪು ಮಸುಕಾದರೆ ಆ ಊರಿನ ಆಟದ ಚರಿತ್ರೆಯೇ ಮಸುಕಾಗುತ್ತದೆ. ಗೌರವ ತಡವಾಗಬಾರದು ಎನ್ನುವುದಕ್ಕೆ ಇದೊಂದು ಕಾರಣ ಸಾಕು.

ಖರ್ಚಿಲ್ಲದೆ ಆಗುವ ಕೆಲಸಗಳು ಬೇಕಾದಷ್ಟಿವೆ. ತಾಲ್ಲೂಕು, ಜಿಲ್ಲಾ ಸಂಘಗಳು ತಮ್ಮ ಹಳೆಯ ಅಂಪೈರ್‌ಗಳ, ಸ್ಕೋರರ್‌ಗಳ, ಕಾರ್ಯದರ್ಶಿಗಳ ಹೆಸರು ಮತ್ತು ಸೇವಾವಧಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಶಾಲೆಗಳು ತಮ್ಮ ವಾರ್ಷಿಕ ಪಂದ್ಯಾವಳಿಗೆ, ಅದನ್ನು ಶುರು ಮಾಡಿದ ಶಿಕ್ಷಕರು ಇರುವಾಗಲೇ ಅವರ ಹೆಸರಿಡಲಿ. ಹಿಂದೆ ಆಡಿದವರು ಮೊಬೈಲ್ ತೆಗೆದು ತಮ್ಮ ಮೇಷ್ಟ್ರ ಮಾತನ್ನು ಒಂದು ಗಂಟೆ ದಾಖಲಿಸಿಕೊಳ್ಳಲಿ. ನಿಮ್ಮೂರಿನ ಮೈದಾನದಲ್ಲಿ ಸಾಫ್ಟ್‌ಬಾಲೋ ಇನ್ನಾವುದೋ ಆಟವನ್ನು ಇಪ್ಪತ್ತು–ಮೂವತ್ತು ವರ್ಷ ನಡೆಸಿಕೊಂಡು ಬಂದವರು ಇದ್ದರೆ, ಈ ವಾರವೇ ಅವರ ಮನೆಗೆ ಹೋಗಿ ಕೂತು ಕೇಳಿ, ಕೇಳಿದ್ದನ್ನು ಬರೆದಿಡಿ.