ಮನೆಯ ಬೂಷ್ಟು: ಅಮೆರಿಕದ ಸಂಶೋಧನೆ ಹೇಳುವುದೇನು?

ಆರಿದ್ರಾ ಮಳೆ ಹಿಡಿಯಿತೆಂದರೆ ಅಡಿಕೆ, ಕಾಫಿ ಮೂಟೆಗಳಿಗೆ ಬೂಷ್ಟು ತಗಲದಂತೆ ನಾವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ತುಸು ಬೂಷ್ಟು ಕಂಡರೂ ದರ ಬೀಳುತ್ತದೆಂಬುದು ನಮಗೆ ಗೊತ್ತು. ಆದರೆ ಮಕ್ಕಳು ಮಲಗುವ ಕೋಣೆಯ ಗೋಡೆಗೆ ಹಿಡಿದ ಬೂಷ್ಟನ್ನು ಮಾತ್ರ "ಮಳೆಗಾಲವಲ್ಲವೇ" ಎಂದು ಬಿಟ್ಟುಬಿಡುತ್ತೇವೆ. ಇದರಿಂದ ಆರೋಗ್ಯಕ್ಕೆ ಆಗುವ ಬಾಧಕವೇನೆಂದು ಅಮೆರಿಕ ಸರ್ಕಾರ ಮಾಡಿಸಿದ ಸಂಶೋಧನೆಯ ವಿಚಾರ ನಮ್ಮ ಬೆಳೆಗಾರರಿಗೂ ತಿಳಿದಿರುವುದು ಒಳ್ಳೆಯದು.

1993-94ರಲ್ಲಿ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 10 ಎಳೆಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ನೀರು ನುಗ್ಗಿ ಹಾಳಾದ ಮನೆಗಳಲ್ಲಿ ಬೆಳೆಯುವ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಶಿಲೀಂಧ್ರದ ಮೇಲೆ ಸಂಶಯ ಬಂತು. ಅದಕ್ಕೂ ಕಾಯಿಲೆಗೂ ಸಂಬಂಧವಿದೆಯೆಂದು ಮೊದಲ ತನಿಖೆ ಹೇಳಿತು. "ವಿಷದ ಬೂಷ್ಟು" ಎಂಬ ಭಯ ದೇಶವೆಲ್ಲ ಹಬ್ಬಿತು. ಮುಂದೆ ಅಲ್ಲಿಯ ರೋಗ ನಿಯಂತ್ರಣ ಕೇಂದ್ರವು ತನ್ನದೇ ತನಿಖೆಯನ್ನು ಮರುಪರಿಶೀಲನೆ ಮಾಡಿಸಿ, ಆ ಸಂಬಂಧ ಸಾಬೀತಾಗಿಲ್ಲವೆಂದು 2000ದ ಮಾರ್ಚ್‌ನಲ್ಲಿ ಬಹಿರಂಗವಾಗಿ ಪ್ರಕಟಿಸಿತು. ಸಂಬಂಧ ಇಲ್ಲವೇ ಇಲ್ಲ ಎಂದಲ್ಲ, ಪುರಾವೆ ಸಾಲದು ಎಂದು. ಸರ್ಕಾರಿ ಕಚೇರಿಯೊಂದು ತನ್ನ ಮಾತನ್ನು ತಾನೇ ತಿದ್ದಿಕೊಂಡದ್ದು ಮೆಚ್ಚತಕ್ಕದ್ದು.

ಹಾಗಾದರೆ ಬೂಷ್ಟು ನಿರಪಾಯವೇ? ಅಲ್ಲ. ಇದೇ ಕೇಂದ್ರದ ಕೋರಿಕೆಯಂತೆ ತಜ್ಞರ ಸಮಿತಿಯೊಂದು ಅದುವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ 2004ರಲ್ಲಿ ವರದಿ ಕೊಟ್ಟಿತು. ತೇವ ಮತ್ತು ಬೂಷ್ಟಿರುವ ಮನೆಗಳಿಗೂ ಮೂಗು-ಗಂಟಲಿನ ಕಿರಿಕಿರಿ, ಕೆಮ್ಮು, ಉಬ್ಬಸಗಳಿಗೂ ನಂಟಿರುವುದಕ್ಕೆ ಸಾಕಷ್ಟು ಆಧಾರವಿದೆ. ಅಸ್ತಮಾ ಇರುವವರಲ್ಲಿ ಅದು ಉಲ್ಬಣಿಸುತ್ತದೆ ಎಂದಿತು. ಕೆಲವರಿಗೆ ಬೂಷ್ಟಿನ ಧೂಳು ಒಗ್ಗದೆ ಶ್ವಾಸಕೋಶವೇ ಊದಿಕೊಳ್ಳುವುದುಂಟು. ಬೂಷ್ಟು ಹಿಡಿದ ಒಣಹುಲ್ಲನ್ನು ಕೆದಕುವ ರೈತರಿಗೆ ಬರುವ "ರೈತರ ಶ್ವಾಸಕೋಶ" ಎಂಬ ಕಾಯಿಲೆ ಇದೇ ಜಾತಿಯದು. ಹುಲ್ಲಿನ ಅಟ್ಟವಿರುವ ನಮಗೆ ಇದು ದೂರದ ಮಾತಲ್ಲ.

2008ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಈ ಕುರಿತು ವರದಿ ನೀಡಿತು. ಸರ್ಕಾರದ 65 ಸಂಶೋಧನೆಗಳು ನಡೆದಿದ್ದರೂ ಅವುಗಳ ನಡುವೆ ಹೊಂದಾಣಿಕೆ ಸಾಲದು. ಬೂಷ್ಟನ್ನು ಯಾವುದರಿಂದ ತೊಳೆಯಬೇಕು, ಮೈಗೆ ಏನು ರಕ್ಷಣೆ ಬೇಕು ಎಂಬುದರಲ್ಲೂ ಇಲಾಖೆಗಳ ಸಲಹೆ ಒಂದೇ ತೆರನಾಗಿಲ್ಲ ಎಂದು ಅದು ಎತ್ತಿ ತೋರಿತು.

ಆದರೂ ಮುಖ್ಯ ಸಂಗತಿಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಬೂಷ್ಟಿನ ಬಣ್ಣ, ಹೆಸರು ವಿಚಾರಿಸುತ್ತ ಕೂರಬೇಕಾಗಿಲ್ಲ. ನೀರು ಬರುವ ದಾರಿ ಮುಚ್ಚಬೇಕು. ನೆನೆದ ಹಾಸಿಗೆ, ಬಟ್ಟೆ, ಮರಮುಟ್ಟುಗಳನ್ನು 24ರಿಂದ 48 ಗಂಟೆಯೊಳಗೆ ಒಣಗಿಸಬೇಕು. ಸುಮಾರು 10 ಚದರಡಿಯೊಳಗಿನ ಬೂಷ್ಟನ್ನು ಮನೆಯವರೇ ಸೋಪಿನ ನೀರಿನಿಂದ ಉಜ್ಜಿ ತೆಗೆದು ಒಣಗಿಸಬಹುದು. ಆಗ ಮೂಗು-ಬಾಯಿಗೆ ಒಳ್ಳೆಯ ಮಾಸ್ಕ್ ಇರಲಿ, ಅಸ್ತಮಾದವರು ಈ ಕೆಲಸಕ್ಕೆ ಇಳಿಯದಿರಲಿ. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಪ್ರಯೋಜನವಿಲ್ಲ.

ಮನೆಯೊಳಗಿನ ಆರ್ದ್ರತೆ ಶೇಕಡಾ 60ಕ್ಕಿಂತ ಕಡಿಮೆಯಿರಲಿ ಎಂಬುದು ಅಲ್ಲಿಯ ಸಲಹೆ. ನಮ್ಮ ಜಡಿಮಳೆಯಲ್ಲಿ ಅದು ಆಗದ ಮಾತು. ಆದರೆ ಒಡೆದ ಹಂಚನ್ನು ಮಳೆಗೆ ಮುಂಚೆ ಬದಲಿಸುವುದು, ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಚರಂಡಿ ಬಿಡಿಸುವುದು, ಮಂಚ-ಕಪಾಟುಗಳನ್ನು ಗೋಡೆಯಿಂದ ತುಸು ದೂರವಿಡುವುದು ನಮ್ಮ ಕೈಯಲ್ಲೇ ಇದೆ. ಮಕ್ಕಳಿಗೋ ಹಿರಿಯರಿಗೋ ಪ್ರತಿ ಮಳೆಗಾಲ ಕೆಮ್ಮು, ಉಬ್ಬಸ ಕಾಣಿಸುತ್ತಿದ್ದರೆ, ಡಾಕ್ಟರಿಗೆ ತೋರಿಸುವಾಗ ಗೋಡೆಯ ಬೂಷ್ಟಿನ ವಿಚಾರವನ್ನೂ ಮರೆಯದೆ ತಿಳಿಸಬೇಕೆಂದು ಸದಸ್ಯರಲ್ಲಿ ವಿನಂತಿಸುತ್ತೇವೆ.