ಕಾದಂಬರಿಯಲ್ಲಿ ಇಲ್ಲದ ರಾಣಿ

ಜೂಲಿಯಾ ಕ್ವಿನ್ 2000ರಿಂದ 2006ರವರೆಗೆ ಬರೆದ ಎಂಟು ‘ಬ್ರಿಜರ್ಟನ್’ ಕಾದಂಬರಿಗಳಲ್ಲಿ ಶಾರ್ಲೆಟ್ ರಾಣಿಯ ಪಾತ್ರವೇ ಇಲ್ಲ. ಆಕೆಯನ್ನು ಹುಡುಕಿ ತಂದು ಸಿಂಹಾಸನದ ಮೇಲೆ ಕೂಡಿಸಿದವರು ಟಿವಿಯವರು.

ಸುಳಿವು ಮೊದಲು ಸಿಕ್ಕಿದ್ದು ವಂಶಾವಳಿಯಲ್ಲಿ. 1990ರ ದಶಕದಲ್ಲಿ ಮಾರಿಯೊ ದೆ ವಾಲ್ದೆಸ್ ಇ ಕೊಕೊಂ ಎಂಬ ಸಂಶೋಧಕ, ಇಂಗ್ಲೆಂಡಿನ ಮೂರನೇ ಜಾರ್ಜನ ಹೆಂಡತಿ ಶಾರ್ಲೆಟ್‌ಳ ಪೂರ್ವಿಕರನ್ನು ಕೆದಕುತ್ತ 15ನೇ ಶತಮಾನದ ಪೋರ್ಚುಗೀಸ್ ಹೆಣ್ಣುಮಗಳು ಮಾರ್ಗರೀತಾ ದೆ ಕಾಸ್ಟ್ರೊ ಎ ಸೌಜಾವರೆಗೆ ಹೋದ. ಆಕೆಯ ಮೂಲ ಆಫ್ರಿಕಾ ಎಂದ. ಆ್ಯಲನ್ ರಾಮ್ಸೆ ಬಿಡಿಸಿದ ಚಿತ್ರಗಳಲ್ಲಿನ ರಾಣಿಯ ಮುಖವನ್ನೇ ಸಾಕ್ಷಿಗೆ ನಿಲ್ಲಿಸಿದ. ಹೆಚ್ಚಿನ ಇತಿಹಾಸಕಾರರು ಒಪ್ಪಲಿಲ್ಲ. ನನಗೂ ಅದು ತೀರ ತೆಳುವಾದ ಎಳೆ ಅನಿಸುತ್ತದೆ. ನಡುವೆ ಎಷ್ಟು ತಲೆಮಾರು ಉರುಳಿವೆ!

ಆದರೆ ಕತೆ ಹೆಣೆಯುವವರಿಗೆ ಅಷ್ಟು ಎಳೆ ಸಾಕು. ‘ರಾಣಿಯೇ ಕಪ್ಪು ಹೆಣ್ಣಾಗಿದ್ದರೆ?’ ಎಂದು ‘ಬ್ರಿಜರ್ಟನ್’ ಅನ್ನು ಟಿವಿಗೆ ತಂದ ಕ್ರಿಸ್ ವ್ಯಾನ್ ಡ್ಯೂಸೆನ್ ಕೇಳಿಕೊಂಡ. 2020ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಧಾರಾವಾಹಿಯಲ್ಲಿ ಗೋಲ್ಡಾ ರೋಶೆವೆಲ್ ರಾಣಿಯಾದಳು. ಅವಳ ಗತ್ತಿಗೆ ಜನ ಮರುಳಾದರು. ಆಗ ಧಾರಾವಾಹಿಯ ನಿರ್ಮಾಪಕಿ ಶೋಂಡಾ ರೈಮ್ಸ್ ರಾಣಿಯ ಹರೆಯದ ಕತೆಯನ್ನೇ ಬೇರೆ ಧಾರಾವಾಹಿಯಾಗಿ ಬರೆದಳು. ಅದಕ್ಕೆ ಬೇಕಾದ ಸರಕು ಚರಿತ್ರೆಯಲ್ಲೇ ಇತ್ತು: 1761ರ ಸೆಪ್ಟೆಂಬರ್ 8ರಂದು, ಹದಿನೇಳರ ಹುಡುಗಿ ಜರ್ಮನಿಯ ಸಣ್ಣ ಸಂಸ್ಥಾನದಿಂದ ಸಮುದ್ರ ದಾಟಿ ಲಂಡನ್ ಮುಟ್ಟಿದಳು, ಗಂಡನ ಮುಖ ಮೊದಲ ಸಲ ನೋಡಿದಳು, ಅವತ್ತೇ ರಾತ್ರಿ ಮದುವೆಯೂ ಆಯಿತು. ಮುಖ ನೋಡದೆ ಅಕ್ಕಿಕಾಳು ಬಿದ್ದ ಮದುವೆ ನಮ್ಮ ಅಜ್ಜಿಯರಿಗೇನು ಹೊಸದಲ್ಲ, ಬಿಡಿ.

ಈ ಹೊಸ ಧಾರಾವಾಹಿ 2023ರ ಮೇ 4ಕ್ಕೆ ಬಂತು. ರೈಮ್ಸ್ ಬರೆದ ಚಿತ್ರಕತೆಯನ್ನು ಕ್ವಿನ್ ಕಾದಂಬರಿ ಮಾಡಿದ್ದಳು. ‘ಕ್ವೀನ್ ಶಾರ್ಲೆಟ್’ ಎಂಬ ಆ ಪುಸ್ತಕ ಇಬ್ಬರ ಹೆಸರಿನಲ್ಲಿ ಮೇ 9ಕ್ಕೆ ಅಂಗಡಿಗೆ ಬಂತು. ಪುಸ್ತಕದಿಂದ ಹೊರಟ ಬಂಡಿ ಟಿವಿ ಸುತ್ತಿ ಮತ್ತೆ ಪುಸ್ತಕಕ್ಕೇ ಬಂದಿತ್ತು.

ಅಳ್ನಾವರದಲ್ಲಿ ಕೂತು ಇದನ್ನು ನೋಡುವವರಿಗೆ ಆಫ್ರಿಕಾದ ಚಹರೆ ಅಪರೂಪವಲ್ಲ. ಹಳಿಯಾಳ, ಕಲಘಟಗಿ ಕಡೆಯ ಸಿದ್ದಿಗಳು ಪೇಟೆಯಲ್ಲಿ ನಮ್ಮಂತೆಯೇ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಇವರ ಪೂರ್ವಿಕರು ಆಫ್ರಿಕಾದವರೆಂದು ಯಾವ ವಂಶಾವಳಿಯನ್ನೂ ಕೆದಕಿ ಸಾಧಿಸಬೇಕಿಲ್ಲ. ಅನೇಕರನ್ನು ಪೋರ್ಚುಗೀಸರೇ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿಯಂಥ ನಟರೂ ಇವರಲ್ಲಿದ್ದಾರೆ. ಆದರೆ ನಮ್ಮ ಧಾರಾವಾಹಿಯವರು ಸಿದ್ದಿ ಹುಡುಗಿಯೊಬ್ಬಳನ್ನು ರಾಣಿ ಪಾತ್ರಕ್ಕೆ ಕರೆದದ್ದನ್ನು ನಾನಂತೂ ಇನ್ನೂ ನೋಡಿಲ್ಲ.