ಮೊದಲು ಸಹಿ, ಆಮೇಲೆ ವಾದ

ಕನ್ನಡ ವಿಕಿಪೀಡಿಯದಲ್ಲಿ ಯಾವ ಲೇಖನ ತೆರೆದರೂ ತಲೆಬರಹದ ಹತ್ತಿರ ‘ಚರ್ಚೆ’ ಎಂಬ ಕೊಂಡಿ ಕಾಣುತ್ತದೆ. ಓದಲು ಬಂದವರು ಅದನ್ನು ಒತ್ತುವುದು ಅಪರೂಪ. ಲೇಖನದಲ್ಲಿ ಏನಿರಬೇಕು, ಏನಿರಬಾರದು ಎಂದು ಬರೆಯುವವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಜಾಗ ಅದು. ಒಂದೇ ಲೇಖನಕ್ಕೆ ಸೇರದ, ಎಲ್ಲ ಸಂಪಾದಕರಿಗೂ ಸಂಬಂಧಪಟ್ಟ ಮಾತಿಗೆ ‘ಅರಳಿ ಕಟ್ಟೆ’ ಎಂಬ ಬೇರೆ ಪುಟವಿದೆ. ಒಬ್ಬರಿಗೇ ಹೇಳುವುದಿದ್ದರೆ ಅವರ ಸದಸ್ಯ ಚರ್ಚೆಪುಟಕ್ಕೆ ಹೋಗಬೇಕು. ಅದೂ ಗುಟ್ಟಿನ ಜಾಗವಲ್ಲ, ಯಾರು ಬೇಕಾದರೂ ಓದಬಹುದು.

ಮೊದಲು ಕಲಿಯಬೇಕಾದದ್ದು ಸಹಿ. ಮಾತಿನ ಕೊನೆಗೆ ಟಿಲ್ಡ್ ಎಂಬ ಅಲೆಯಾಕಾರದ ಚಿಹ್ನೆಯನ್ನು ನಾಲ್ಕು ಸಲ ಒತ್ತಿ ಪುಟ ಉಳಿಸಿದರೆ ನಿಮ್ಮ ಸದಸ್ಯನಾಮ, ದಿನಾಂಕ, ವೇಳೆ ತಾವಾಗಿಯೇ ಮೂಡುತ್ತವೆ. ಉತ್ತರಿಸುವ ಗುಂಡಿ ಒತ್ತಿ ಬರೆದರೆ ಈ ಕೆಲಸವನ್ನು ತಂತ್ರಾಂಶವೇ ಮಾಡಿಕೊಡುತ್ತದೆ. ಸಹಿ ಇಲ್ಲದಿದ್ದರೆ ಯಾವುದು ಯಾರ ಮಾತು, ಎಲ್ಲಿ ಮುಗಿಯಿತು ಎಂದು ನಾಲ್ಕು ವರ್ಷದ ಮೇಲೆ ಓದುವವರಿಗೆ ತಿಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ಮತ್ತೊಬ್ಬ ಸದಸ್ಯರ ಹೆಸರಿಗೆ ಕೊಂಡಿ ಕೊಟ್ಟು ಕರೆದರೆ ಅವರಿಗೆ ಸೂಚನೆ ಹೋಗುತ್ತದೆ, ಆದರೆ ಅದೇ ಸಲ ಪುಟ ಉಳಿಸುವಾಗ ನಿಮ್ಮ ಸಹಿಯೂ ಇರಬೇಕು. ಆಮೇಲೆ ನೆನಪಾಗಿ ಬರೀ ಸಹಿ ಸೇರಿಸಿದರೆ ಸೂಚನೆ ಹೋಗುವುದಿಲ್ಲ. ‘ಕರೆದರೂ ಬರಲಿಲ್ಲ’ ಎಂದು ಮುನಿಸಿಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ. ಲೇಖನದೊಳಗೆ ಮಾತ್ರ ಸಹಿ ಹಾಕುವಂತಿಲ್ಲ, ಅದು ಯಾರೊಬ್ಬರ ಸ್ವತ್ತೂ ಅಲ್ಲ.

ಹೊಸ ವಿಷಯ ಯಾವಾಗಲೂ ಪುಟದ ಕೆಳಗೆ. ಉತ್ತರವನ್ನು ಒಂದು ಹೆಜ್ಜೆ ಒಳಸರಿಸಿ ಬರೆಯುತ್ತಾರೆ. ಸಾಲಿನ ಆರಂಭದಲ್ಲಿ ಒಂದು ಕೋಲನ್ ಚಿಹ್ನೆ (:) ಹಾಕಿದರೆ ಒಂದು ಹೆಜ್ಜೆ, ಎರಡು ಹಾಕಿದರೆ ಎರಡು. ಬೇರೆಯವರ ಮಾತನ್ನು ತಿದ್ದಬಾರದು, ಕಾಗುಣಿತ ತಪ್ಪಿದ್ದರೂ ಸರಿಯೆ. ನಿಮ್ಮದೇ ಮಾತನ್ನು ಹಿಂತೆಗೆದುಕೊಳ್ಳಬೇಕೆಂದರೂ, ಅದಕ್ಕೆ ಯಾರಾದರೂ ಉತ್ತರಿಸಿದ್ದರೆ ಅಳಿಸದೆ ಮೇಲೆ ಗೆರೆ ಎಳೆಯುವುದು ರೂಢಿ. ಅಳಿಸಿ ಪ್ರಯೋಜನವೂ ಇಲ್ಲ, ಪುಟದ ಇತಿಹಾಸದಲ್ಲಿ ಹಳೆಯ ರೂಪ ಉಳಿದೇ ಇರುತ್ತದೆ.

ನಿಜವಾದ ಕಷ್ಟ ಭಿನ್ನಾಭಿಪ್ರಾಯ ಬಂದಾಗ. ಊರಿನ ಇತಿಹಾಸದ ಲೇಖನಕ್ಕೆ ಆ ಊರಿನವರೇ ಬಂದು ‘ನಮ್ಮಜ್ಜ ಹೇಳಿದ್ದು, ನನಗೆ ಗೊತ್ತು’ ಅನ್ನುತ್ತಾರೆ. ಅಜ್ಜ ಹೇಳಿದ್ದು ನಿಜವೇ ಇರಬಹುದು. ಆದರೆ ಅಚ್ಚಾದ ನಂಬಲರ್ಹ ಆಕರ ತೋರಿಸದೆ ಅದು ಲೇಖನದಲ್ಲಿ ನಿಲ್ಲುವುದಿಲ್ಲ. ವಯಸ್ಸು, ಪದವಿ, ಹುದ್ದೆ ಯಾವುದೂ ಇಲ್ಲಿ ಆಕರವಾಗುವುದಿಲ್ಲ. ಹಿರಿಯರ ಎದುರು ದನಿ ಎತ್ತದೆ ಬೆಳೆದ ನಮಗೆ ಇದು ಒಗ್ಗಲು ಕೊಂಚ ಹೊತ್ತು ಬೇಕು. ಹಾಗೆಂದು ಏಕವಚನಕ್ಕಿಳಿಯಬೇಕಿಲ್ಲ. ಅಪರಿಚಿತರ ಸದಸ್ಯನಾಮಕ್ಕೆ ‘ಅವರೇ’ ಸೇರಿಸಿ, ‘ನೀವು’ ಎಂದು ಮಾತಾಡಿಸಿ, ‘ಈ ವಾಕ್ಯಕ್ಕೆ ಆಕರ ಯಾವುದು?’ ಎಂದು ಕೇಳಿದರೆ ಸಾಕು. ಪ್ರಶ್ನೆ ವಾಕ್ಯದ ಮೇಲಿರಲಿ, ಬರೆದವರ ಮೇಲಲ್ಲ.

ನೀವು ಬರೆದದ್ದನ್ನು ಅವರು ಅಳಿಸುವುದು, ಅವರು ಅಳಿಸಿದ್ದನ್ನು ನೀವು ಮರಳಿಸುವುದು ಬೇಗ ಚಾಳಿಯಾಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರು ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಹೀಗೆ ಮರಳಿಸಿದರೆ ಅವರ ಸಂಪಾದನೆಯ ಹಕ್ಕನ್ನು ತಡೆಹಿಡಿಯಬಹುದು. ಅಲ್ಲಿ ಮೊಸರಿನ ಲೇಖನದ ತಲೆಬರಹದಲ್ಲಿ ‘ಎಚ್’ ಅಕ್ಷರ ಇರಬೇಕೇ ಬೇಡವೇ ಎಂಬ ಜಗಳ ವರ್ಷಗಟ್ಟಲೆ ನಡೆದು 2011ರಲ್ಲಿ ‘ಬೇಡ’ ಎಂದು ಇತ್ಯರ್ಥವಾಯಿತು. ಮೊಸರಲ್ಲಿ ಕಲ್ಲು ಹುಡುಕಿದ್ದು ಅಂದರೆ ಇದೇ ಇರಬೇಕು.

ಇತ್ಯರ್ಥ ಅಂದರೆ ಕೈ ಎಣಿಸುವುದಲ್ಲ. ಹತ್ತು ಜನ ಬರೀ ‘ನನ್ನ ಬೆಂಬಲವಿದೆ’ ಎಂದರೂ, ಆಕರ ಸಮೇತ ವಾದ ಇಟ್ಟ ಒಬ್ಬರ ಮಾತಿಗೇ ತೂಕ ಹೆಚ್ಚು. ಹಾಗಾಗಿ ವಾಟ್ಸಾಪ್ ಗುಂಪಿನಲ್ಲಿ ಗೆಳೆಯರನ್ನು ಕರೆದು ತರುವುದರಿಂದ ಹೆಸರು ಕೆಡುವುದೇ ಹೊರತು ವಾದ ಗೆಲ್ಲುವುದಿಲ್ಲ. ಒಬ್ಬರೇ ನಾಲ್ಕು ಖಾತೆ ತೆರೆದು ತಮಗೆ ತಾವೇ ಹೌದೆನ್ನುವುದು ಇನ್ನೂ ದೊಡ್ಡ ತಪ್ಪು. ಅದನ್ನು ಪತ್ತೆಮಾಡಲು ಪ್ರತ್ಯೇಕ ಪರಿಶೀಲಕರೇ ಇದ್ದಾರೆ.

ಕನ್ನಡದಲ್ಲಿ ಬರೆಯುವವರ ಸಂಖ್ಯೆ ಕಡಿಮೆ, ಉತ್ತರ ಬರಲು ವಾರಗಳೇ ಹಿಡಿಯಬಹುದು. ಪುಟವನ್ನು ವೀಕ್ಷಣಾಪಟ್ಟಿಗೆ ಸೇರಿಸಿಕೊಂಡು ಬೇರೆ ಕೆಲಸ ನೋಡಿ. ಆಮೇಲೂ ಯಾರೂ ಮಾತಾಡದಿದ್ದರೆ ಆಕರ ಕೊಟ್ಟು ಲೇಖನವನ್ನು ತಿದ್ದಿ, ಏನು ಮಾಡಿದಿರಿ, ಏಕೆ ಮಾಡಿದಿರಿ ಎಂದು ಸಾರಾಂಶದ ಚೌಕದಲ್ಲಿ ಒಂದು ಸಾಲು ಬರೆಯಿರಿ.